ಅತ್ತರೆ ಸಾಲದು, ಬೀಗ ಹಾಕಿದ್ದು ಯಾರು ಅಂತ ಕೇಳಬೇಕು

ಕೆಲಸದ ಜಾಗದಲ್ಲಿ ನಮ್ಮ ಕಡೆಯವನೊಬ್ಬ ತೀರಿಹೋದರೆ ನಾವು ಏನು ಮಾಡುತ್ತೇವೆ ಎಂಬುದು ಎಲ್ಲರಿಗೂ ಗೊತ್ತು. ಅರ್ಧ ಗಂಟೆಯೊಳಗೆ ಸುದ್ದಿ ವಾಟ್ಸಾಪ್‌ನಲ್ಲಿ ಎಲ್ಲ ರೂಮುಗಳಿಗೂ ಮುಟ್ಟುತ್ತದೆ. ಒಬ್ಬರು ಆಸ್ಪತ್ರೆಗೆ ಓಡುತ್ತಾರೆ, ಒಬ್ಬರು ಎಂಬೆಸಿಯ ಕಾಗದಪತ್ರ ನೋಡುತ್ತಾರೆ, ಇನ್ನೊಬ್ಬರು ಊರಿನ ಮನೆಗೆ ಫೋನ್ ಮಾಡುವ ಕಷ್ಟದ ಕೆಲಸ ವಹಿಸಿಕೊಳ್ಳುತ್ತಾರೆ. ಮಯ್ಯಿತ್ ಊರಿಗೆ ಕಳಿಸಿ, ಮಕ್ಕಳಿಗೆ ಅಂತ ಒಂದಷ್ಟು ದುಡ್ಡೂ ಒಟ್ಟು ಮಾಡಿಕೊಡುತ್ತೇವೆ. ಈ ವಿಷಯದಲ್ಲಿ ನಮ್ಮ ಹುಡುಗರನ್ನು ಮೀರಿಸುವವರಿಲ್ಲ. ಆದರೆ ಆತ ಯಾಕೆ ಸತ್ತ, ನಾಳೆ ಅದೇ ಜಾಗದಲ್ಲಿ ನಿಂತು ಕೆಲಸ ಮಾಡುವವನ ಗತಿ ಏನು ಅಂತ ಕೇಳುವುದು ಮಾತ್ರ ಕಡಿಮೆ. "ಆಯುಷ್ಯ ಅಷ್ಟೇ ಇತ್ತು" ಅಂದುಬಿಡುತ್ತೇವೆ.

ಹಾಗೆ ಅಂದು ಸುಮ್ಮನಾಗದ ಕೆಲವರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಅವರೂ ನಮ್ಮ ಹಾಗೆ ದುಡಿಯಲು ಊರು ಬಿಟ್ಟು ಬಂದವರು. ನಡೆದದ್ದು ಅಮೆರಿಕದ ನ್ಯೂಯಾರ್ಕಿನಲ್ಲಿ, 1911ರಲ್ಲಿ.

ಆ ನಗರದ ಒಂದು ಹತ್ತು ಮಾಳಿಗೆಯ ಕಟ್ಟಡದಲ್ಲಿ ಟ್ರಯಾಂಗಲ್ ಎಂಬ ಕಂಪನಿ ಇತ್ತು. 8, 9 ಮತ್ತು 10ನೇ ಮಾಳಿಗೆಯಲ್ಲಿ ಹೆಂಗಸರ ಬ್ಲೌಸ್ ಹೊಲಿಯುವ ಕೆಲಸ. ಸುಮಾರು 500 ಜನ. ಹೆಚ್ಚಿನವರು ರಷ್ಯಾ ಸಾಮ್ರಾಜ್ಯದಿಂದ ಬಂದ ಯಹೂದಿ ಹುಡುಗಿಯರು, ಇಟಲಿಯಿಂದ ಬಂದ ಹುಡುಗಿಯರು. 14 ವರ್ಷದವರೂ ಇದ್ದರು. ಇಂಗ್ಲಿಷ್ ಸರಿಯಾಗಿ ಬಾರದವರೇ ಜಾಸ್ತಿ. ಅವರ ಸಂಬಳದಿಂದ ಮನೆ ನಡೆಯಬೇಕಿತ್ತು. ಮಾರ್ಚ್ 25, ಶನಿವಾರ ಸಂಜೆ ಕೆಲಸ ಮುಗಿಯುವ ಹೊತ್ತಿಗೆ 8ನೇ ಮಾಳಿಗೆಯಲ್ಲಿ ಬಟ್ಟೆಚೂರುಗಳ ರಾಶಿಗೆ ಬೆಂಕಿ ಹಿಡಿಯಿತು. 10ನೇ ಮಾಳಿಗೆಯ ಆಫೀಸಿಗೆ ಫೋನಿನಲ್ಲಿ ಸುದ್ದಿ ಹೋಯಿತು. ಅಲ್ಲಿದ್ದ ಮಾಲಕರಿಬ್ಬರೂ ತಾರಸಿ ಹತ್ತಿ ಪಾರಾದರು. 9ನೇ ಮಾಳಿಗೆಗೆ ಯಾರೂ ಹೇಳಲಿಲ್ಲ. ಅಲ್ಲಿಯವರಿಗೆ ಸುದ್ದಿ ಗೊತ್ತಾದದ್ದು ಬೆಂಕಿಯೇ ಬಂದ ಮೇಲೆ.

ಹೊರಗೆ ಹೋಗಲು ಎರಡು ಮೆಟ್ಟಿಲ ದಾರಿ ಇತ್ತು. ಒಂದನ್ನು ಬೆಂಕಿ ಮುಚ್ಚಿತು. ಇನ್ನೊಂದರ ಬಾಗಿಲಿಗೆ ಬೀಗ ಹಾಕಿತ್ತು. ಕೆಲಸ ಬಿಡುವಾಗ ಎಲ್ಲರೂ ಒಂದೇ ಬಾಗಿಲಿನಲ್ಲಿ ಬರಬೇಕು, ಬಟ್ಟೆ ಕದ್ದಿದ್ದಾರಾ ಅಂತ ಚೀಲ ಬಿಚ್ಚಿ ನೋಡಬೇಕು, ಅದಕ್ಕಾಗಿ ಬೀಗ. ಹೊರಗೋಡೆಗೆ ಹಾಕಿದ್ದ ಕಬ್ಬಿಣದ ಏಣಿ ಭಾರ ತಾಳದೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ 6ನೇ ಮಾಳಿಗೆಯವರೆಗೆ ಮಾತ್ರ ಮುಟ್ಟಿತು. ಹುಡುಗಿಯರು ಕಿಟಕಿಯಿಂದ ಹಾರಿದರು. ಸತ್ತವರು 146 ಮಂದಿ. ಕಟ್ಟಡಕ್ಕೆ ಮಾತ್ರ ಅಂಥದ್ದೇನೂ ಆಗಲಿಲ್ಲ. ಅದು ಇವತ್ತಿಗೂ ನಿಂತಿದೆ.

ಮುಂದೆ ಕೋರ್ಟಿನಲ್ಲಿ, ಎಷ್ಟು ಮಾಲು ಕಳವಾಗುತ್ತಿತ್ತು ಅಂತ ಮಾಲಕರಲ್ಲಿ ಒಬ್ಬರನ್ನು ಕೇಳಿದರು. 25 ಡಾಲರ್ ದಾಟದು ಅಂತ ಅವರೇ ಒಪ್ಪಿಕೊಂಡರು. ಬಾಗಿಲಿಗೆ ಬೀಗ ಇದ್ದದ್ದು ಮಾಲಕರಿಗೆ ಗೊತ್ತಿತ್ತು ಅಂತ ಸಾಬೀತಾಗಲಿಲ್ಲ ಎಂದು ಅವರು ಖುಲಾಸೆಯಾದರು. 1914ರಲ್ಲಿ ಪರಿಹಾರದ ದಾವೆಗಳು ರಾಜಿಯಾದಾಗ ಒಂದು ಜೀವಕ್ಕೆ ಸಿಕ್ಕಿದ್ದು 75 ಡಾಲರ್. ಅದಕ್ಕೂ ಮೊದಲು, 1913ರಲ್ಲಿ, ಅದೇ ಮಾಲಕರಲ್ಲಿ ಒಬ್ಬ ಮತ್ತೊಂದು ಫ್ಯಾಕ್ಟರಿಯಲ್ಲಿ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ. ದಂಡ 20 ಡಾಲರ್.

ಇಲ್ಲಿ ನಾವು ಗಮನಿಸಬೇಕಾದ ಒಂದು ಮಾತಿದೆ. ಆ ಮಾಲಕರು ಬೇರೆ ಯಾರೋ ಅಲ್ಲ. ಅವರೂ ರಷ್ಯಾ ಕಡೆಯಿಂದ ಬರಿಗೈಯಲ್ಲಿ ಬಂದ ಯಹೂದಿಗಳೇ, ತಾವೂ ಹೊಲಿಗೆ ಕೆಲಸದಿಂದಲೇ ಮೇಲೆ ಬಂದವರು. "ನಮ್ಮವನೇ ಅಲ್ವ, ನೋಡಿಕೊಳ್ಳುತ್ತಾನೆ" ಎಂಬ ನಂಬಿಕೆ ಬೆಂಕಿ ಬಂದಾಗ ಬಾಗಿಲು ತೆರೆಯಲಿಲ್ಲ. ನಮ್ಮಲ್ಲೂ ವೀಸಾ ಕೊಡಿಸುವವರು, ಕೆಲಸಕ್ಕೆ ಇಟ್ಟುಕೊಳ್ಳುವವರು ಎಷ್ಟೋ ಸಲ ಊರಿನವರೇ, ಸಂಬಂಧಿಕರೇ. ಒಳ್ಳೆಯವರು ಬೇಕಾದಷ್ಟಿದ್ದಾರೆ. ಆದರೆ ನಮ್ಮವರು ಎಂಬ ಮಾತು ಕಾಂಟ್ರಾಕ್ಟಿನ ಬದಲಿಗೆ ನಿಲ್ಲಬಾರದು.

ಆ ಹುಡುಗಿಯರು ಮೊದಲೇ ಕೇಳಿರಲಿಲ್ಲ ಅಂತ ಅಲ್ಲ. 1909ರ ನವೆಂಬರಿನಲ್ಲಿ, ಬೆಂಕಿಗೆ 16 ತಿಂಗಳ ಮುಂಚೆ, ದೊಡ್ಡ ಸಭೆಯೊಂದು ಸೇರಿತ್ತು. ದೊಡ್ಡ ದೊಡ್ಡವರು ಗಂಟೆಗಟ್ಟಲೆ ಭಾಷಣ ಮಾಡಿದ ಮೇಲೆ ಕ್ಲಾರಾ ಲೆಮ್ಲಿಕ್ ಎಂಬ ಯುವತಿ ಎದ್ದು, ತನ್ನ ಮನೆಮಾತಾದ ಯಿಡ್ಡಿಷಿನಲ್ಲಿ, ಮಾತು ಸಾಕು, ಮುಷ್ಕರ ಮಾಡೋಣ ಅಂದಳು. 20 ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ನಿಲ್ಲಿಸಿದರು. ಪೊಲೀಸರ ಏಟು ತಿಂದರು, ಜೈಲಿಗೆ ಹೋದರು. ಹಲವು ಕಂಪನಿಗಳು ಒಪ್ಪಂದಕ್ಕೆ ಬಂದವು. ಟ್ರಯಾಂಗಲ್ ಯೂನಿಯನ್ನನ್ನು ಒಪ್ಪಲೇ ಇಲ್ಲ.

ಬೆಂಕಿಯ ಮರುವಾರ ಶ್ರೀಮಂತರು, ಸಮಾಜ ಸುಧಾರಕರು ಸೇರಿ ಸಂತಾಪ ಸಭೆ ಮಾಡಿದರು. ಟೋಪಿ ಹೊಲಿದು ಬದುಕಿದ್ದ ರೋಸ್ ಷ್ನೈಡರ್ಮನ್ ಅಲ್ಲಿ ಮಾತನಾಡಿದಳು. ಸಹಾಯಕ್ಕೆ ಕೃತಜ್ಞತೆ ಹೇಳಿ ಕೂರಲು ಆಕೆ ತಯಾರಿರಲಿಲ್ಲ. ನಮ್ಮ ಜೀವ ಅಗ್ಗವಾಗಿದೆ, ದಾನದಿಂದ ಅದು ಸರಿಹೋಗದು, ದುಡಿಯುವವರೇ ಒಟ್ಟಾಗಬೇಕು ಎಂಬುದು ಆಕೆಯ ಮಾತಿನ ಸಾರ.

ಆ ಸಿಟ್ಟು ಬರೀ ಸಿಟ್ಟಾಗಿ ಉಳಿಯಲಿಲ್ಲ. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಒಂದು ತನಿಖಾ ಆಯೋಗ ಮಾಡಿತು. ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಹುಡುಗನಾಗಿದ್ದಾಗ ಜರ್ಮನಿಯಿಂದ ಬಂದವರು. ಉಪಾಧ್ಯಕ್ಷ ಆಲ್ ಸ್ಮಿತ್, ಓದು ಬಿಟ್ಟು ಮೀನು ಮಾರ್ಕೆಟ್ಟಿನಲ್ಲಿ ದುಡಿದವರು. ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮಹಿಳೆ ಈ ನಾಯಕರನ್ನು ಜಾಗದಿಂದ ಜಾಗಕ್ಕೆ ಕರಕೊಂಡು ಹೋದರು. ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಸುಸ್ತಾಗಿ ಹೊರಬರುವ ಹೆಂಗಸರನ್ನು ತೋರಿಸಿದರು. ಒಂದು ಕಡೆ, ತುರ್ತುದಾರಿ ಅಂತ ಇಟ್ಟಿದ್ದ ಸಣ್ಣ ಕಿಂಡಿಯಲ್ಲಿ ವ್ಯಾಗ್ನರ್ ಅವರನ್ನೇ ತೆವಳಿಸಿದರು. ಅದರ ಆಚೆ ಇದ್ದದ್ದು ಹಿಮ ಕಟ್ಟಿದ ಏಣಿ. ಆಯೋಗ ಮೊದಲ ವರ್ಷವೇ 1,800ಕ್ಕೂ ಹೆಚ್ಚು ಕೆಲಸದ ಜಾಗಗಳನ್ನು ನೋಡಿತು. ಕೆಲವೇ ವರ್ಷಗಳಲ್ಲಿ 30ಕ್ಕೂ ಹೆಚ್ಚು ಕಾನೂನು ಬಂದವು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಬೆಂಕಿ ಬಂದರೆ ಹೊರಬರುವ ಅಭ್ಯಾಸ ಮಾಡಿಸಬೇಕು, ಎತ್ತರದ ಕಟ್ಟಡದಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಬೇಕು. ಇವತ್ತು ನಾವು ಮಾಲ್‌ಗಳಲ್ಲಿ ನೋಡುವ ಇಂಥ ವ್ಯವಸ್ಥೆಯ ಹಿಂದೆ ಇಂಥ ಸಾವುಗಳಿವೆ.

ಪರಿಹಾರದ ಕಥೆಯೂ ಹಾಗೇ. ಮೊದಲು ಕೈಕಾಲು ಹೋದ ಕೆಲಸಗಾರನೇ ಕೋರ್ಟಿಗೆ ಹೋಗಿ, ತಪ್ಪು ಮಾಲಕನದ್ದು ಅಂತ ಸಾಬೀತು ಮಾಡಬೇಕಿತ್ತು. ಇದನ್ನು ಬದಲಿಸಲು ನ್ಯೂಯಾರ್ಕ್ 1910ರಲ್ಲಿ ಮಾಡಿದ್ದ ಕಾನೂನನ್ನು ಅಲ್ಲಿಯ ಮೇಲಿನ ಕೋರ್ಟು ರದ್ದು ಮಾಡಿತು. ಯಾವಾಗ ಗೊತ್ತಾ? 1911ರ ಮಾರ್ಚ್ 24ರಂದು, ಬೆಂಕಿಯ ಹಿಂದಿನ ದಿನ. ಆಮೇಲೆ 1913ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ, ಮತ್ತೆ ಕಾನೂನು ತಂದರು. ಪರ್ಕಿನ್ಸ್ 1933ರಲ್ಲಿ ಇಡೀ ದೇಶದ ಕಾರ್ಮಿಕ ಮಂತ್ರಿಯಾದರು, ಅಮೆರಿಕದ ಮೊದಲ ಮಹಿಳಾ ಮಂತ್ರಿ.

ಹಾಗಂತ ಆ ಸುಧಾರಣೆಯ ಕಾಲವನ್ನು ಪೂರ್ತಿ ಹೊಗಳಬೇಕಾಗಿಲ್ಲ. ಫ್ಯಾಕ್ಟರಿಯ ಬಾಗಿಲು ತೆರೆಸಿದ ಅದೇ ದೇಶ ತನ್ನ ಬಾಗಿಲು ಮುಚ್ಚಿತು. 1917ರ ಕಾನೂನು ಭಾರತದವರೂ ಸೇರಿ ಏಷ್ಯಾದ ಬಹುಪಾಲು ಕೆಲಸಗಾರರನ್ನು ಹೊರಗಿಟ್ಟಿತು. 1924ರದ್ದು, ಟ್ರಯಾಂಗಲ್‌ನಲ್ಲಿ ಸತ್ತವರ ಊರುಗಳಿಂದ ಬರುವವರನ್ನೇ ಬಹಳ ಕಡಿಮೆ ಮಾಡಿತು. ವಲಸೆ ಬಂದವರ ಬೆವರು ಬೇಕು, ಅವರು ಮಾತ್ರ ಬೇಡ ಎನ್ನುವುದು ಹೊಸ ಮಾತೇನಲ್ಲ.

ನಾವಿರುವ ದೇಶಗಳ ಕಾನೂನು ಬೇರೆ, ಅದನ್ನು ನಾವು ಪಾಲಿಸಬೇಕು. ಮುಷ್ಕರ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಕಾನೂನು ಕೊಟ್ಟದ್ದನ್ನು ತಿಳಿದುಕೊಳ್ಳಲು ಯಾರೂ ಅಡ್ಡ ಬರುವುದಿಲ್ಲ. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಇ.ಸಿ.ಆರ್. ಪಾಸ್‌ಪೋರ್ಟಿನಲ್ಲಿ ಎಮಿಗ್ರೇಶನ್ ಕ್ಲಿಯರೆನ್ಸ್ ಪಡೆದು ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿಯ ವಿಮೆ ಇದೆ. ಪಾಲಿಸಿ ಎಲ್ಲಿದೆ, ಯಾವಾಗ ಮುಗಿಯುತ್ತದೆ ಅಂತ ಮನೆಯವರಿಗೆ ಹೇಳಿದ್ದೀರಾ?

ನಮ್ಮ ಸಂಘಟನೆಗಳಿಗೂ ಒಂದು ಮಾತು. ಸಾವಿನ ಮನೆಗೆ ಓಡುವ ಹುಡುಗರನ್ನು ತಿಂಗಳಿಗೊಮ್ಮೆ ಕ್ಯಾಂಪಿಗೂ ಕಳಿಸೋಣ. ಹಿಂದಿನ ಬಾಗಿಲು ತೆರೆಯುತ್ತದಾ, ವಯರು ಸುಟ್ಟಿದೆಯಾ, ಕಾಂಟ್ರಾಕ್ಟಿನ ಕಾಪಿ ಇವನ ಕೈಯಲ್ಲಿದೆಯಾ ಅಂತ ನೋಡಿ, ಬರೆದಿಡಲಿ. ಬಾಗಿಲು ತೆರೆಯದಿದ್ದರೆ, ಈ ಬೀಗದ ಕೀ ಯಾರ ಹತ್ತಿರ ಇದೆ ಅಂತ ಅಂದೇ ಕೇಳಿ ಬರಲಿ.