ಟಿವಿ ಕಾರ್ಡು: ಒಳಗ ಹಾಕಸೋದೋ, ಹೊರಗ ಇಡೋದೋ?

ದೀಪಾವಳಿ ಮುಗದ ಮ್ಯಾಲೆ ನಮ್ಮ ಓಣ್ಯಾಗ ಯಾರ ಮನಿಗೆ ಹೋದ್ರೂ ಒಂದ ಮಾತು. "ಕಂಪ್ಯೂಟರಿಗೆ ಟಿವಿ ಕಾರ್ಡು ಹಾಕಸಬೇಕಂತ ಮಾಡೇವ್ರಿ ವೈನಿ, ಯಾವುದು ಛಲೋ?" ಗಂಡಸರೂ ಹುಡುಗರೂ ಕೂಡಿ ಅಂಗಡಿಗೆ ಹೋಗ್ತಾರ. ಎಷ್ಟು ಚಾನೆಲ್ ಹಿಡೀತದ, ರೆಕಾರ್ಡಿಂಗ್ ಅದನೋ ಇಲ್ಲೋ, ಎಫ್‌ಎಂ ರೇಡಿಯೋ ಬರ್ತದೋ ಇಲ್ಲೋ ಅಂತ ಕೇಳಿ ತೊಗೊಂಡ ಬರ್ತಾರ. ಅದರ ಮುಂದ ಯಾರು ಕೂಡವ್ರು, ಎಲ್ಲೆ ಕೂಡವ್ರು, ಅಷ್ಟೊತ್ತು ಉಳದವ್ರು ಏನ ಮಾಡಬೇಕು ಅನ್ನೋದನ್ನ ಮಾತ್ರ ಯಾರೂ ಕೇಳಂಗಿಲ್ಲ. ಮಿಕ್ಸರ್ ತರೋ ಮುಂದ ನಮ್ಮನ್ನ ಕೇಳ್ತಾರ, ಕಂಪ್ಯೂಟರ್ ಸಾಮಾನ ಅಂದ ಕೂಡ್ಲೆ "ನಿನಗೇನ ತಿಳೀತದ" ಅಂತಾರ. ತಿಳಕೊಳ್ಳಿಕ್ಕೆ ಇದು ಅಂಥಾ ಕಠಿಣ ವಿಷಯ ಏನೂ ಅಲ್ಲ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಒಂದ ಕಂಪ್ಯೂಟರ್ ಇರೋ ಸಂಸಾರಸ್ಥರ ಮನಿಗೆ ಸಿಪಿಯು ಒಳಗ ಕೂಡಸೋ ಕಾರ್ಡು ಬ್ಯಾಡ. ತೊಗೋಳೋದ ಇದ್ರ ಹೊರಗ ಇಡೋ ಡಬ್ಬಿ ತೊಗೋರಿ. ಅದೂ ಎಲ್ಲಾರಿಗೂ ಬೇಕಾಗಂಗಿಲ್ಲ.

ಟಿವಿ ಕಾರ್ಡಿನೊಳಗ ಮೂರು ಥರ ಅವ. ಒಂದು, ಸಿಪಿಯು ಬಿಚ್ಚಿ ಮದರ್‌ಬೋರ್ಡಿಗೆ ಸಿಗಸೋ ಕಾರ್ಡು. ಎರಡನೇದು ಪೆನ್‌ಡ್ರೈವಿನಂಗ ಯುಎಸ್‌ಬಿಗೆ ಚುಚ್ಚೋದು, ಇದು ಲ್ಯಾಪ್‌ಟಾಪ್ ಇದ್ದವರಿಗೆ. ಈ ಎರಡಕ್ಕೂ ಕಂಪ್ಯೂಟರ್ ಚಾಲೂನ ಇರಬೇಕು, ಸೀಡಿಯೊಳಗಿನ ಸಾಫ್ಟ್‌ವೇರ್ ಹಾಕಬೇಕು. ಮೂರನೇದು ಹೊರಗಿನ ಡಬ್ಬಿ. ಕೇಬಲ್ ವೈರು ಡಬ್ಬಿಗೆ, ಡಬ್ಬಿಯಿಂದ ಮಾನಿಟರಿಗೆ, ಅಷ್ಟ. ಸಿಪಿಯು ಬಂದ್ ಇದ್ರೂ ಟಿವಿ ನೋಡಬಹುದು. ರಿಮೋಟ್ ಹಿಡಕೊಂಡು ಗುಂಡಿ ಒತ್ತಿದ್ರಾತು, ಪಾಸ್‌ವರ್ಡ್ ಇಲ್ಲ, ಮೌಸ್ ಇಲ್ಲ. ಎಪ್ಪತ್ತು ದಾಟಿದ ನಮ್ಮ ಅತ್ತಿಯವರಿಗೂ ಬರೋವಂಥಾದ್ದು.

ಈಗ ಖರೇ ವಿಷಯಕ್ಕ ಬರೋಣ. ನಮ್ಮಂಥವರ ಮನ್ಯಾಗ ಕಂಪ್ಯೂಟರ್ ಇರೋದು ಹುಡುಗರ ಅಭ್ಯಾಸದ ಟೇಬಲ್ ಮ್ಯಾಲೆ. ಕಾರ್ಡು ಒಳಗ ಹೋತಂದ್ರ ಟಿವಿ ಬಂದು ಆ ಟೇಬಲ್ ಮ್ಯಾಲೆ ಕೂತಂಗ. ಮಾರ್ಚಿನ್ಯಾಗ ಪಿಯುಸಿ ಎರಡನೇ ವರ್ಷದ ಪರೀಕ್ಷಾ ಇರೋ ಹುಡುಗಿ ಒಂದ ಕಡೆ, ಕ್ರಿಕೆಟ್ ನೋಡೋ ತಮ್ಮ ಇನ್ನೊಂದ ಕಡೆ, ಧಾರಾವಾಹಿ ನೋಡೋ ಅಜ್ಜಿ ಮತ್ತೊಂದ ಕಡೆ. ಮೂರೂ ಮಂದಿಗೆ ಒಂದ ಕುರ್ಚಿ. ಇಂಥಾದ್ರಾಗ ಬಿಟ್ಟುಕೊಟ್ಟು ಏಳೋದು ಯಾರು? ಅಜ್ಜಿಗೆ "ನಾಳೆ ನೋಡು" ಅಂತಾರ, ಹುಡುಗಿಗೆ "ಒಳಗ ಹೋಗಿ ಓದಕೋ" ಅಂತಾರ. ಮ್ಯಾಚ್ ನೋಡೋವ ಮಾತ್ರ ಅಲ್ಲೇ ಇರ್ತಾನ. ಒಂದ ಟಿವಿಗೆ ಜಗಳಾಗ್ತದಂತ ಕಾರ್ಡು ತಂದು, ಅಭ್ಯಾಸದ ಜಾಗಾನೂ ಜಗಳಕ್ಕ ಕೊಟ್ಟಂಗಾತು. ಡಬ್ಬಿ ಹಂಗಲ್ಲ. ಮೂಲ್ಯಾಗ ಅರಿಬಿ ಮುಚ್ಚಿಟ್ಟ ಹಳೇ ಮಾನಿಟರ್ ಇದ್ರ ಅದಕ್ಕ ಸಿಗಸಿ ಅತ್ತಿಯವರ ಖೋಲ್ಯಾಗ ಇಡಬಹುದು. ಅವರಿಗೂ ತಮ್ಮದು ಅಂತ ಒಂದ ರಿಮೋಟ್ ಕೈಗೆ ಬರ್ತದ.

ಎರಡನೇ ಮಾತು ಸಿಡ್ಲಿನದು. ನಮ್ಮ ಕಡೆ ಏಪ್ರಿಲ್-ಮೇದಾಗ ಅಡ್ಡಮಳಿ ಬಂತಂದ್ರ ಗುಡುಗು-ಸಿಡ್ಲು ಹ್ಯಾಂಗಿರ್ತದ ಅಂತ ನಿಮಗ ಹೇಳಬೇಕಾಗಿಲ್ಲ. ಕೇಬಲ್ ವೈರು ಕಂಬದಿಂದ ಕಂಬಕ್ಕ ಹಾದು ಬರ್ತದ. ಸಿಡ್ಲು ಹತ್ತಿರ ಎಲ್ಲೆ ಬಿದ್ರೂ ಆ ಜೋರು ವೈರಿನಗುಂಟ ಮನಿಯೊಳಗ ಬರಬಹುದು. ಒಳಗಿನ ಕಾರ್ಡು ಅಂದ್ರ ಆ ವೈರನ್ನ ಸೀದಾ ಮದರ್‌ಬೋರ್ಡಿಗೆ ಕರಕೊಂಡು ಹೋದಂಗ. ಪ್ಲಗ್ ಕಿತ್ತಿಟ್ರೂ ಕೇಬಲ್ ಕೀಳೋದು ಯಾರಿಗೂ ನೆನಪಿರಂಗಿಲ್ಲ. ಕಾರ್ಡು ಹೋದ್ರ ಹೋತು, ಕಂಪ್ಯೂಟರ್ ಹೋಗಿ ಅದರಾಗಿನ ನೋಟ್ಸು, ಲಗ್ನದ ಫೋಟೋ ಎಲ್ಲಾ ಹೋದ್ರ ಏನ ಮಾಡೋದು? ಹಳೇ ಮಾನಿಟರಿಗೆ ಹಚ್ಚಿದ ಡಬ್ಬಿ ಸುಟ್ರ ಡಬ್ಬಿಯ ರೊಕ್ಕ, ಬಾಳಂದ್ರ ಮಾನಿಟರಿನ ರೊಕ್ಕ. ಯಾವುದ ಇರಲಿ, ಮೋಡ ಕಟ್ತಂದ್ರ ಕೇಬಲ್ ಮೊದಲ ಕೀಳ್ರಿ.

ಕರೆಂಟಿನ ಲೆಕ್ಕಾನೂ ನೋಡ್ರಿ. ಸಿಪಿಯು, ಮಾನಿಟರ್ ಎರಡೂ ಕೂಡಿ ಸುಮಾರು 120 ವ್ಯಾಟ್ ತಿಂತಾವ ಅನ್ರಿ. ಎಲ್‌ಸಿಡಿ ಮಾನಿಟರಿಗೆ ಬರೇ ಡಬ್ಬಿ ಹಚ್ಚಿದ್ರ ಸುಮಾರು 40. ದಿನಾ ನಾಲ್ಕು ತಾಸು ನೋಡಿದ್ರ ತಿಂಗಳಿಗೆ ಒಂದಕ್ಕ 14 ಯುನಿಟ್, ಇನ್ನೊಂದಕ್ಕ 5. ಕರೆಂಟ್ ಹೋದಾಗ ಯುಪಿಎಸ್ ಮ್ಯಾಲೂ ಡಬ್ಬಿನ ಹೆಚ್ಚು ಹೊತ್ತು ನಡೀತದ.

ಒಳಗಿನ ಕಾರ್ಡಿಗೆ ಒಂದ ಹೆಚ್ಚಳ ಅದ, ಸುಳ್ಳ ಯಾಕ ಹೇಳಲಿ. ಅದರಾಗ ರೆಕಾರ್ಡ್ ಮಾಡಬಹುದು. ಹೊರಗಿನ ಡಬ್ಬಿಯೊಳಗ ಬಹಳಷ್ಟಕ್ಕ ಆಗಂಗಿಲ್ಲ. ಆದ್ರ ಡಿವಿಡಿಯಷ್ಟು ಚಂದ ಬೇಕಂದ್ರ ಒಂದ ತಾಸಿಗೆ ಸುಮಾರು 2 ಜಿಬಿ ಜಾಗಾ ಹಿಡೀತದ. ಸೋವಿ ಕಾರ್ಡಿನ್ಯಾಗ ಆ ಕೆಲಸಾ ಎಲ್ಲಾ ಕಂಪ್ಯೂಟರಿನ ಮ್ಯಾಲೆ ಬೀಳ್ತದ, ಹಳೇ ಮಷೀನು ಏದುಸಿರು ಬಿಡ್ತದ. ನಾವು ನೋಡೋ ಧಾರಾವಾಹಿ ಮರುದಿನ ಮಧ್ಯಾಹ್ನ ಮರುಪ್ರಸಾರ ಆಗೇ ಆಗ್ತಾವ. ಅದಕ್ಕ ಇಷ್ಟೆಲ್ಲಾ ಯಾಕ?

ಇನ್ನ ಅಂಗಡಿಯವ್ರು ತಾವಾಗಿ ಹೇಳದ ಮಾತು ಒಂದದ. ಕೇಬಲ್ ಡಿಜಿಟಲ್ ಆಗೇದ. ಮುಂಬೈ, ದಿಲ್ಲಿಗೆ 2012ರ ಅಕ್ಟೋಬರ್ 31 ಕಡೀ ದಿನಾ ಇತ್ತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31. ನಮ್ಮಂಥಾ ಉಳದ ಊರಿಗೆ ಮೊದಲ 2014ರ ಸೆಪ್ಟೆಂಬರ್ ಅಂತ ಇಟ್ಟಿದ್ರು. ಡಿಜಿಟಲ್ ಆದ ಮ್ಯಾಲೆ ಸೆಟ್‌ಟಾಪ್ ಬಾಕ್ಸ್ ಇಲ್ಲದ ಏನೂ ಕಾಣಂಗಿಲ್ಲ. ಮೊದಲ ಒಂದ ವೈರನ್ನ ಎರಡ ಮಾಡಿ ಎರಡ ಕಡೆ ಬ್ಯಾರೆ ಬ್ಯಾರೆ ಚಾನೆಲ್ ನೋಡ್ತಿದ್ವಲ್ಲಾ, ಅದು ಮುಗೀತು. ಒಂದ ಬಾಕ್ಸಿಗೆ ಒಂದ ಚಾನೆಲ್, ಇನ್ನೊಂದು ಬೇಕಂದ್ರ ಇನ್ನೊಂದು ಬಾಕ್ಸು, ಇನ್ನೊಂದು ಬಾಡಗಿ. ಹಿಂಗಾಗಿ "ನೂರಾ ಇಪ್ಪತ್ತು ಚಾನೆಲ್ ಹಿಡೀತದ" ಅನ್ನೋ ಮಾತಿಗೆ ರೊಕ್ಕಾ ಹೆಚ್ಚಿಗಿ ಕೊಡಬ್ಯಾಡ್ರಿ. ಹಳದಿ, ಕೆಂಪು, ಬಿಳಿ ಮೂರು ತೂತು ಅವನೋ ಇಲ್ಲೋ ನೋಡ್ರಿ. ಸೆಟ್‌ಟಾಪ್ ಬಾಕ್ಸು ಸೇರೋದು ಅಲ್ಲೇ. ಡಿಟಿಎಚ್ ಇದ್ದವರಿಗೂ ಅದ ದಾರಿ.

ಅಂಗಡ್ಯಾಗ ಇನ್ನೂ ಎರಡ ಕೇಳ್ರಿ. ನಮ್ಮ ಮಾನಿಟರಿನ ಅಳತಿಗೆ ಡಬ್ಬಿ ಹೊಂದತದೋ? ಅಗಲ ಮಾನಿಟರಿಗೆ ಹಳೇ ನಮೂನಿ ಡಬ್ಬಿ ಹಚ್ಚಿದ್ರ ಮಂದಿ ಎಲ್ಲಾ ಕುಳ್ಳಗ ದಪ್ಪಗ ಕಾಣಸ್ತಾರ. ಮಾನಿಟರಿನ್ಯಾಗ ಸ್ಪೀಕರ್ ಇಲ್ಲಂದ್ರ ಬ್ಯಾರೆ ತರಬೇಕು, ಆ ಖರ್ಚೂ ಹಿಡೀರಿ. ಯಾರರೇ ಒಳಗಿನ ಕಾರ್ಡೇ ಬೇಕಂತ ಹಟಾ ಹಿಡದ್ರ, ನಿಮ್ಮ ವಿಂಡೋಸಿಗೆ ಅದರ ಡ್ರೈವರ್ ಬರ್ತದೋ ಇಲ್ಲೋ ಅಂತ ಬಿಲ್ ಮಾಡಸೋ ಮುಂಚೆ ಕೇಳ್ರಿ. ಎಕ್ಸ್‌ಪಿಗೆ ಮಾಡಿದ್ದು ವಿಂಡೋಸ್ 7ರಾಗ ನಡದೇ ನಡೀತದ ಅಂತಿಲ್ಲ.

ಮನ್ಯಾಗ ಖಾಲಿ ಮಾನಿಟರ್ ಇಲ್ಲದವ್ರು ಡಬ್ಬಿಗಾಗಿ ಮಾನಿಟರ್ ಕೊಳ್ಳೋದು ಹುಚ್ಚುತನ. ಅಷ್ಟ ರೊಕ್ಕಕ್ಕ ಇನ್ನೊಂದಿಷ್ಟು ಕೂಡಿಸಿ ಸಣ್ಣ ಟಿವಿ ತೊಗೋರಿ. ಇಲ್ಲಾ ಈ ವರ್ಷ ಏನೂ ತೊಗೋಬ್ಯಾಡ್ರಿ, ಹುಡುಗಿ ಪರೀಕ್ಷಾ ಮುಗೀಲಿ. ಅಲ್ಲಿತನಕಾ ಹಾಲಿನಾಗಿನ ಟಿವಿಗೆ ಒಂದ ವೇಳಾಪಟ್ಟಿ ಮಾಡಿ, ಅದರಾಗ ಅಜ್ಜಿ ಹೆಸರು ಮೊದಲ ಬರೀರಿ. ಅದಕ್ಕ ಯಾವ ಕಾರ್ಡೂ ಬೇಕಾಗಂಗಿಲ್ಲ.