ಕಂಬಕ್ಕೆ ಕಟ್ಟಿದ ಹೆಸರು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ನಲ್ಲಿ, ಪೈಪು ರಿಪೇರಿ ಮಾಡುತ್ತಾನೆ. ಕೈಯಲ್ಲಿದ್ದ ಅಲ್ಪ ಹಣವನ್ನೆಲ್ಲ ಫ್ಲೆಕ್ಸುಗಳಿಗೆ ಸುರಿದು ಬೀದಿಯ ಕಂಬಗಳಿಗೆ ಕಟ್ಟಿಸಿದ್ದನಂತೆ. ವಾರದೊಳಗೆ ಪಾಲಿಕೆಯವರು ಕಿತ್ತೊಯ್ದರು. “ಬಡವನ ಹೊಟ್ಟೆಯ ಮೇಲೆ ಹೊಡೆದರು, ಸಾರ್” ಎಂದು ನೊಂದುಕೊಂಡ.

ಮರುಕವಾಯಿತು, ಆದರೂ ಅವನ ವಾದವನ್ನು ನಾನು ಒಪ್ಪಲಾರೆ. ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಜಾಹೀರಾತು ಹಚ್ಚುವುದು ನಮ್ಮ ರಾಜ್ಯದ 1981ರ ಕಾಯ್ದೆಯಂತೆ ಅಪರಾಧ. 2018ರಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸುಗಳು ಇಳಿದುದನ್ನು ನೀವೂ ಬಲ್ಲಿರಿ. ದೊಡ್ಡವರ ಹುಟ್ಟುಹಬ್ಬದ ಫ್ಲೆಕ್ಸು ಉಳಿದು ಬಡವನದು ಮಾತ್ರ ಹರಿದುಹೋದರೆ ಅದು ಅನ್ಯಾಯವೇ ಸರಿ. ಅದಕ್ಕೆ ಮದ್ದು ಅವರದನ್ನೂ ಇಳಿಸುವುದೇ ಹೊರತು ನಾವೂ ಕಟ್ಟುವುದಲ್ಲ.

ಕಾನೂನು ಒತ್ತಟ್ಟಿಗಿರಲಿ, ಲೆಕ್ಕವನ್ನಾದರೂ ನೋಡಬೇಡವೇ? ಮನೆಯ ನಲ್ಲಿ ಸೋರದವನು ಫ್ಲೆಕ್ಸನ್ನು ಓದುವುದಿಲ್ಲ. ಸೋರುತ್ತಿರುವವನು ಬೀದಿಗಿಳಿದು ಕಂಬ ಹುಡುಕುವುದಿಲ್ಲ. ಅವನು ನೆರೆಮನೆಯವರನ್ನು ಕೇಳುತ್ತಾನೆ, ಇಲ್ಲವೇ ಮೊಬೈಲಿನಲ್ಲಿ ಗೂಗಲ್ ನಕ್ಷೆ ತೆರೆಯುತ್ತಾನೆ. ಆ ನಕ್ಷೆಯಲ್ಲಿ ತನ್ನ ಹೆಸರು, ಫೋನ್ ಸಂಖ್ಯೆ, ಕೆಲಸದ ವೇಳೆಯನ್ನು ನಮೂದಿಸಲು ಬಿಡಿಗಾಸೂ ಬೇಕಿಲ್ಲ. ಕೆಲಸ ಮುಗಿದ ಬಳಿಕ ಮನೆಯವರ ಒಪ್ಪಿಗೆ ಪಡೆದು ಪಂಪಿನ ಸ್ವಿಚ್ಚಿನ ಪಕ್ಕ ಸಣ್ಣ ಚೀಟಿಯೊಂದನ್ನು ಅಂಟಿಸಿದರೆ, ಮುಂದಿನ ಸೋರಿಕೆಗೆ ಕರೆ ತಾನಾಗಿ ಬರುತ್ತದೆ.

ಎಲ್ಲಕ್ಕಿಂತ ಅಗ್ಗದ ಜಾಹೀರಾತೆಂದರೆ, ಹತ್ತು ಗಂಟೆಗೆ ಬರುತ್ತೇನೆಂದವನು ಹತ್ತಕ್ಕೇ ಬರುವುದು. ಅವನಿಗೂ ಅದನ್ನೇ ಹೇಳಿದೆ. ಶಾಲೆಗೆ ನಿತ್ಯ ತಡವಾಗಿ ಬರುತ್ತಿದ್ದವನು ತಲೆ ತಗ್ಗಿಸಿ ನಕ್ಕ.