ಗ್ಯಾರೇಜಿಗೆ ಬಂದರೆ ವಾಸಿಯಾಗುವ ಬಂಡಿ

ಮಕ್ಕಳೇ, ಸದಾ ಇರುವ ತೊಂದರೆಯನ್ನು ಹುಡುಕುವುದು ಸುಲಭ. ನಲ್ಲಿ ಹಗಲೂ ರಾತ್ರಿ ತೊಟ್ಟಿಕ್ಕುತ್ತಿದ್ದರೆ ವಾಷರ್ ಹೋಗಿದೆ ಎಂದು ಯಾರು ಬೇಕಾದರೂ ಹೇಳುತ್ತಾರೆ. ಬಂದು ಬಂದು ಹೋಗುವ ತೊಂದರೆ ಹಾಗಲ್ಲ. ಅಮ್ಮ ಚಟ್ನಿ ಅರೆಯುವಾಗ ನಿಂತುಹೋಗುವ ಮಿಕ್ಸಿ ರಿಪೇರಿಯವರ ಮೇಜಿನ ಮೇಲೆ ಗಿರ್ರನೆ ತಿರುಗುತ್ತದೆ. ರಾತ್ರಿಯೆಲ್ಲ ಕೆಮ್ಮಿದ ಮಗು ಡಾಕ್ಟರ ಮುಂದೆ ನಗುತ್ತಾ ಕೂರುತ್ತದೆ. ಪೊಲೀಸರು ಬರುವ ಹೊತ್ತಿಗೆ ಕಳ್ಳ ಊರಲ್ಲೇ ಇರುವುದಿಲ್ಲ.

ಈ ವಾರ ಅಂಥ ಒಬ್ಬ ಕಳ್ಳನ ಕಥೆ. ಇದು ನಡೆದದ್ದು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ. ನನ್ನ ಮಗಳು ಅಲ್ಲಿದ್ದಾಳೆ. ಒಂದು ಚಳಿಗಾಲ ನಾನೂ ಅಲ್ಲಿದ್ದೆ. ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ದಂಪತಿ. ಅವರ ಅಂಗಳದಲ್ಲಿ 1973ರ ಒಂದು ಮೋಟರ್ ಹೋಮ್. ಮೋಟರ್ ಹೋಮ್ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಮಡಚುವ ಹಾಸಿಗೆ, ಸಣ್ಣ ಒಲೆ, ನೀರಿನ ತೊಟ್ಟಿ, ಕಿಟಕಿಗೆ ಪರದೆ. ಅವರದು ಫೋಕ್ಸ್‌ವ್ಯಾಗನ್ ಕಂಪನಿಯ ಟೈಪ್ 2 ವ್ಯಾನಿನ ಮೇಲೆ ಕಟ್ಟಿದ್ದು. ಈ ವ್ಯಾನುಗಳ ತಯಾರಿಕೆ ಜರ್ಮನಿಯಲ್ಲಿ ಶುರುವಾದದ್ದು 1950ರಲ್ಲಿ. ಬ್ರೆಜಿಲ್ ದೇಶದಲ್ಲಿ 2013ರವರೆಗೂ ಅವು ತಯಾರಾಗುತ್ತಿದ್ದವು. ಎಂಜಿನ್ ಇರುವುದು ಹಿಂಭಾಗದಲ್ಲಿ. ರೇಡಿಯೇಟರ್ ಇಲ್ಲ, ಗಾಳಿಯೇ ಅದನ್ನು ತಂಪು ಮಾಡುತ್ತದೆ. ಶಕ್ತಿ ಸುಮಾರು 50 ಅಶ್ವಶಕ್ತಿ. ಮನೆಯನ್ನೇ ಹೊತ್ತು ನಡೆಯಲು ಅದೇನೂ ಹೆಚ್ಚಲ್ಲ, ಆದರೂ ನಡೆಯುತ್ತದೆ.

ಆ ದಂಪತಿಯ ಮಗ ಮ್ಯಾಂಚೆಸ್ಟರಿನಲ್ಲಿದ್ದಾರೆ. ಹದಿನೈದು ದಿನಕ್ಕೊಮ್ಮೆ ಇವರು ವ್ಯಾನಿನಲ್ಲಿ ಹೋಗಿ ಹತ್ತು ವರ್ಷದ ಮೊಮ್ಮಗನನ್ನು ಕರೆತರುತ್ತಿದ್ದರು. ನಡುವೆ ಪೆನ್ನೈನ್ ಬೆಟ್ಟಸಾಲು. ಅದನ್ನು ದಾಟುವ ಎಂ62 ಹೆದ್ದಾರಿ 372 ಮೀಟರ್ ಎತ್ತರಕ್ಕೆ ಏರುತ್ತದೆ. ಇಂಗ್ಲೆಂಡಿನ ಮೋಟರ್‌ವೇಗಳಲ್ಲಿ ಅದಕ್ಕಿಂತ ಎತ್ತರದ ಜಾಗ ಬೇರೆ ಇಲ್ಲ. ನವೆಂಬರಿನ ಒಂದು ಸಂಜೆ ಆ ಏರಿನಲ್ಲಿ, ಮೊಮ್ಮಗ ಹಿಂದೆ ಕೂತಿದ್ದಾಗ, ವ್ಯಾನಿನ ಕಸುವು ಮೆಲ್ಲಗೆ ಇಳಿಯಿತು. 85 ಕಿಲೋಮೀಟರ್ ವೇಗ ನೋಡನೋಡುತ್ತ 45ಕ್ಕೆ ಬಂತು. ಆಕ್ಸಿಲರೇಟರ್ ಒತ್ತಿದರೂ ಜಗ್ಗಲಿಲ್ಲ. ಹಿಂದೆ ಸಾಲುಗಟ್ಟಿದ ಲಾರಿಗಳು ದೀಪ ಮಿನುಗಿಸುತ್ತಿದ್ದವು. ಹೇಗೋ ಅಂಚಿಗೆ ಸರಿಸಿ ನಿಲ್ಲಿಸಿದರು. ಹತ್ತು ನಿಮಿಷದ ಮೇಲೆ ಚಾಲೂ ಮಾಡಿದರೆ, ಏನೂ ಆಗಿಲ್ಲವೆಂಬಂತೆ ಹೊರಟಿತು.

ಮನೆಗೆ ಬಂದ ಮೇಲೆ ಅಜ್ಜಿ ಹೇಳಿದ್ದು ಒಂದೇ ಮಾತು: “ಈ ಹುಡುಗ ಇನ್ನು ಈ ಬಂಡಿ ಹತ್ತುವುದಿಲ್ಲ.” ಗ್ಯಾರೇಜಿನವರು ಮೂರು ಸಲ ನೋಡಿದರು. ಮೂರು ಸಲವೂ ಎಂಜಿನ್ ಚೆನ್ನಾಗಿಯೇ ಓಡಿತು. ಹೊಸ ಕಾರ್ಬ್ಯುರೇಟರ್ ಹಾಕಿ ನೋಡೋಣ, ಆಗದಿದ್ದರೆ ಎಂಜಿನ್ನನ್ನೇ ಬಿಚ್ಚೋಣ ಎಂಬ ಸಲಹೆ ಬಂತು. ಅಜ್ಜ ‘ಮಾರಾಟಕ್ಕಿದೆ’ ಎಂಬ ಫಲಕವನ್ನು ಬರೆದೇ ಇಟ್ಟಿದ್ದರು.

ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನ ಗುಮಾಸ್ತನಾಗಿದ್ದವನು. ಆದರೆ ಕಂಪ್ಯೂಟರ್ ಬರುವ ಮೊದಲು ಬ್ಯಾಂಕುಗಳಲ್ಲಿ ಕೈಬರಹದ ಲೆಡ್ಜರುಗಳಿದ್ದವು. ಖರ್ಚು ಜಮಾ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಆಗ ಹಿರಿಯರು ಕಲಿಸಿದ ಒಂದು ಉಪಾಯವಿದೆ. ಲೆಡ್ಜರನ್ನು ಮೊದಲಿಂದ ತಿರುವಬೇಡ, ವ್ಯತ್ಯಾಸದ ಮೊತ್ತವನ್ನೇ ಮಾತನಾಡಿಸು. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಮಾಡಿರಬಹುದು. 450 ಬದಲು 540 ಬರೆದರೆ ವ್ಯತ್ಯಾಸ 90, ಅದು 9ರ ಹತ್ತು ಪಟ್ಟು. ತಪ್ಪಿಗೂ ಒಂದು ಗುಣ ಇರುತ್ತದೆ. ಅದು ಯಾವ ಜಾತಿಯ ತಪ್ಪು ಎಂದು ಗೊತ್ತಾದರೆ ಎಲ್ಲಿ ಹುಡುಕಬೇಕೆಂದೂ ಗೊತ್ತಾಗುತ್ತದೆ.

ಅದನ್ನೇ ಅಜ್ಜನಿಗೆ ಹೇಳಿದೆ. ರೈಲಿನಲ್ಲಿ ಬಂದಿದ್ದ ಮೊಮ್ಮಗ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದ. ತಾರೀಖು, ಹೊರಗಿನ ಉಷ್ಣತೆ, ಯಾವ ರಸ್ತೆ, ಎಷ್ಟು ನಿಮಿಷ ಓಡಿದ ಮೇಲೆ ತೊಂದರೆ, ಎಷ್ಟು ನಿಮಿಷ ನಿಂತರೆ ವಾಸಿ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು. ಕೊನೆಗೆ ತನ್ನದೇ ಒಂದು ಕಲಂ ಸೇರಿಸಿದ: ವೈಪರ್ ಹಾಕಿದ್ದರೇ, ಇಲ್ಲವೇ? ಅಜ್ಜ ಓಡಿಸಿದರು, ನಾನು ಪಕ್ಕದಲ್ಲಿ ಕೂತು ಬರೆದೆ. ಹುಡುಗ ಬರುವುದು ಶನಿವಾರ. ಬಂದವನೇ ತೊಂದರೆಯಾದ ದಿನಗಳಿಗೆ ಕೆಂಪು ಬಣ್ಣ ಹಚ್ಚುತ್ತಿದ್ದ.

ಜನವರಿ ಮುಗಿಯುವ ಹೊತ್ತಿಗೆ 13 ಓಡಾಟಗಳಾಗಿದ್ದವು. ಅವುಗಳಲ್ಲಿ 5 ಕೆಂಪು. ಈಗ ಒಬ್ಬೊಬ್ಬ ಆರೋಪಿಯನ್ನೂ ಕರೆದು ವಿಚಾರಿಸೋಣ.

ಮೊದಲನೆಯವನು ಪೆಟ್ರೋಲ್ ಫಿಲ್ಟರ್. ಅದರಲ್ಲಿ ಕಸ ಕಟ್ಟಿದ್ದರೆ ಹೆಚ್ಚು ಪೆಟ್ರೋಲ್ ಬೇಕಾದ ಪ್ರತಿ ಏರಿನಲ್ಲೂ, ಯಾವ ಹವೆಯಲ್ಲೂ ತೊಂದರೆ ಬರಬೇಕು. ನಮ್ಮ ಕೆಂಪು ದಿನಗಳಲ್ಲಿ ಎರಡು ಸಮತಟ್ಟು ರಸ್ತೆಯಲ್ಲೇ ಆಗಿದ್ದವು. ಕೆಲವು ಒಳ್ಳೆಯ ದಿನಗಳಲ್ಲಿ ವ್ಯಾನ್ ಕಡಿದಾದ ಏರನ್ನು ಹತ್ತಿತ್ತು. ಫಿಲ್ಟರ್ ಬಿಡುಗಡೆ.

ಎರಡನೆಯವನು ಟ್ಯಾಂಕಿನ ಗಾಳಿರಂಧ್ರ. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಮುಂದೆ ಹೋಗುವುದಿಲ್ಲ. ತೆಂಗಿನಕಾಯಿಗೆ ಒಂದೇ ಕಣ್ಣು ತೂತು ಮಾಡಿದರೆ ನೀರು ಸರಿಯಾಗಿ ಬೀಳದಲ್ಲ, ಹಾಗೆ. ಆಗ ಮುಚ್ಚಳ ತೆರೆದರೆ ‘ಉಸ್’ ಎಂದು ಗಾಳಿ ಒಳಗೆ ನುಗ್ಗಬೇಕು. ತೊಂದರೆ ಬಂದಾಗ ನಿಲ್ಲಿಸಿ ತೆರೆದು ನೋಡಿದೆವು. ಸದ್ದಿಲ್ಲ. ಅವನೂ ಬಿಡುಗಡೆ.

ಮೂರನೆಯವನು ಕಿಡಿ ಕೊಡುವ ಇಗ್ನಿಷನ್ ಕಾಯಿಲ್. ಹಳೆಯ ಕಾಯಿಲ್ ಬಿಸಿಯಾದಾಗ ಸೋಲುತ್ತದೆ. ಹಾಗಿದ್ದರೆ ಬೇಸಿಗೆಯಲ್ಲಿ ಹೆಚ್ಚು ಕಾಡಬೇಕಿತ್ತು. ದಂಪತಿ ಜುಲೈನಲ್ಲಿ ಸ್ಕಾಟ್ಲೆಂಡಿಗೆ ಹೋಗಿಬಂದಿದ್ದರು, ಒಮ್ಮೆಯೂ ತೊಂದರೆಯಾಗಿರಲಿಲ್ಲ.

ಇಷ್ಟಾದಾಗ ಹುಡುಗ ಪುಟದ ಮೇಲೆ ಬೆರಳಿಟ್ಟ. “ಕೆಂಪು ದಿನಗಳಲ್ಲೆಲ್ಲ ವೈಪರ್ ಹಾಕಿದ್ದೀರಿ!” ಹೌದು. ಐದೂ ದಿನ ಮಂಜು ಕವಿದಿತ್ತು, ಇಲ್ಲವೇ ಜಿನುಗುಮಳೆ. ಉಷ್ಣತೆ 3ರಿಂದ 9 ಡಿಗ್ರಿ ಸೆಲ್ಸಿಯಸ್. ಆದರೆ ಶೂನ್ಯಕ್ಕಿಂತ 4 ಡಿಗ್ರಿ ಕೆಳಗಿದ್ದ ಒಂದು ನಿರಭ್ರ ದಿನ, ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ್ದಾಗ, ವ್ಯಾನ್ ಕುದುರೆಯಂತೆ ಓಡಿತ್ತು. ಅಂದರೆ ಬರೀ ಚಳಿ ಸಾಲದು, ಚಳಿಯ ಜೊತೆ ತೇವವೂ ಬೇಕು.

ತೇವ ಎಂದ ಕೂಡಲೇ ನಾಲ್ಕನೆಯ ಆರೋಪಿ ನೆನಪಾದ. ಕಿಡಿ ಒಯ್ಯುವ ತಂತಿಗಳು ಒದ್ದೆಯಾಗಿ ವಿದ್ಯುತ್ ಸೋರುತ್ತಿರಬಹುದೇ? ಹಾಗಾದರೆ ಬೆಳಗ್ಗೆ ಚಾಲೂ ಮಾಡುವಾಗಲೇ ಎಂಜಿನ್ ಮುಗ್ಗರಿಸಬೇಕು, ಓಡುತ್ತಾ ಬಿಸಿಗೆ ಒಣಗಿದ ಮೇಲೆ ಸರಿಹೋಗಬೇಕು. ನಮ್ಮ ವ್ಯಾನ್ ಇದಕ್ಕೆ ತದ್ವಿರುದ್ಧ. ಮೊದಲ 20 ನಿಮಿಷ ಸೊಗಸು, ಆಮೇಲೆ ಕಷ್ಟ, ನಿಂತರೆ ವಾಸಿ. ಅದೂ ಮುಗ್ಗರಿಸುವುದಲ್ಲ, ಯಾರೋ ಮೆಲ್ಲಗೆ ಕತ್ತು ಹಿಸುಕಿದ ಹಾಗೆ.

ಕತ್ತು ಹಿಸುಕುತ್ತಿದ್ದದ್ದು ಮಂಜುಗಡ್ಡೆ!

ಬಿಸಿ ಎಂಜಿನ್ನಿನಲ್ಲಿ ಮಂಜುಗಡ್ಡೆಯೇ ಎಂದು ಕೇಳುತ್ತೀರಿ. ಮಣ್ಣಿನ ಮಡಕೆಯ ನೀರು ಏಕೆ ತಂಪು? ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಸ್ಪಿರಿಟ್ ಒರೆಸಿದರೆ ತೋಳು ತಣ್ಣಗಾಗುವುದೂ ಅದಕ್ಕೇ. ಹಳೆಯ ವಾಹನಗಳ ಕಾರ್ಬ್ಯುರೇಟರ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ಒಂದು ಇಕ್ಕಟ್ಟಾದ ಗಂಟಲಿನಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ, ಪೆಟ್ರೋಲ್ ತುಂತುರಾಗಿ ಅದರಲ್ಲಿ ಬೆರೆತು ಆವಿಯಾಗುತ್ತದೆ. ಆಗ ಗಾಳಿಯ ಉಷ್ಣತೆ 20 ಡಿಗ್ರಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಇಳಿಯಬಹುದು. ಹೊರಗೆ 6 ಡಿಗ್ರಿ ಇದ್ದರೆ ಗಂಟಲಿನೊಳಗೆ ಶೂನ್ಯಕ್ಕಿಂತ ಎಷ್ಟು ಕೆಳಗೆ, ನೀವೇ ಲೆಕ್ಕ ಹಾಕಿ. ಗಾಳಿಯಲ್ಲಿನ ತೇವ ಅಲ್ಲೇ ಹೆಪ್ಪುಗಟ್ಟಿ ದಾರಿ ಕಿರಿದಾಗುತ್ತದೆ. ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ತೀರಾ ಚಳಿಯ ಗಾಳಿಯಲ್ಲಿ ತೇವ ಕಡಿಮೆ, ಅದಕ್ಕೇ ಆ ಹೆಪ್ಪುಗಟ್ಟಿದ ದಿನ ತೊಂದರೆಯಾಗಲಿಲ್ಲ. ಬಂಡಿ ನಿಂತರೆ ಎಂಜಿನ್ನಿನ ಶಾಖ ಮೇಲೇರಿ ಗಡ್ಡೆ ಕರಗುತ್ತದೆ. ಗ್ಯಾರೇಜು ತಲುಪುವ ಹೊತ್ತಿಗೆ ಕಳ್ಳ ಅಕ್ಷರಶಃ ನೀರಾಗಿ ಹೋಗಿರುತ್ತಾನೆ!

ಇದು ಹೊಸ ಸಂಗತಿಯಲ್ಲ. ಕಾರ್ಬ್ಯುರೇಟರ್ ಇರುವ ಸಣ್ಣ ವಿಮಾನಗಳಲ್ಲಿ ಇದಕ್ಕೆಂದೇ ಪೈಲಟ್ ಬಳಿ ಒಂದು ಹಿಡಿ ಇರುತ್ತದೆ. ಎಳೆದರೆ ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಹೋಗುತ್ತದೆ. ನಮ್ಮ ವ್ಯಾನನ್ನು ತಯಾರಿಸಿದವರೂ ಇದನ್ನು ಮುಂದಾಗಿ ಯೋಚಿಸಿ ಎರಡು ಕಾವಲು ಇಟ್ಟಿದ್ದರು. ಒಂದು, ಕಾರ್ಬ್ಯುರೇಟರಿನ ಕೆಳಗೆ ಬಿಸಿ ಹೊಗೆ ಹಾಯುವ ಸಣ್ಣ ಕೊಳವೆ. ಇನ್ನೊಂದು, ಎಂಜಿನ್ನಿನ ಬಿಸಿ ಭಾಗದಿಂದ ಏರ್ ಫಿಲ್ಟರಿಗೆ ಬೆಚ್ಚನೆಯ ಗಾಳಿ ತರುವ ಮೆತ್ತನೆಯ ಕೊಳವೆ.

ಊಹೆ ಎಷ್ಟೇ ಚೆನ್ನಾಗಿದ್ದರೂ ಸಾಕ್ಷಿ ಬೇಕಲ್ಲ? ಮುಂದಿನ ಜಿನುಗುಮಳೆಯ ದಿನ ಅಜ್ಜ ಮತ್ತು ನಾನು ಹೊರಟೆವು. 25 ನಿಮಿಷಕ್ಕೆ ಕಸುವು ಇಳಿಯತೊಡಗಿತು. ಕೂಡಲೇ ಹೆದ್ದಾರಿ ಬಿಟ್ಟು ವಿಶ್ರಾಂತಿ ತಾಣಕ್ಕೆ ನುಗ್ಗಿ, ಎಂಜಿನ್ನಿನ ಬಾಗಿಲು ತೆರೆದೆವು. ಕಾರ್ಬ್ಯುರೇಟರಿನ ಕೆಳಗಿನ ಕೊಳವೆಯ ಮೇಲೆ ಫ್ರಿಜ್ಜಿನ ಫ್ರೀಜರಿನಲ್ಲಿರುವಂತೆ ಬಿಳಿ ಹಿಮ! ಒಂದು ಗೇಣು ಆಚೆ ಮುಟ್ಟಲಾಗದಷ್ಟು ಬಿಸಿ. ಅಜ್ಜ ಫೋಟೋ ತೆಗೆದುಕೊಂಡರು. ಐದು ನಿಮಿಷದಲ್ಲಿ ಹಿಮ ಮಾಯ.

ಫೋಟೋ ನೋಡಿದ ಮೆಕ್ಯಾನಿಕ್‌ಗೆ ಬೇರೇನೂ ಹೇಳಬೇಕಾಗಲಿಲ್ಲ. ಬೆಚ್ಚನೆಯ ಗಾಳಿಯ ಕೊಳವೆ ವ್ಯಾನಿನಲ್ಲಿ ಇರಲೇ ಇಲ್ಲ. ಹಿಂದೆ ಯಾವಾಗಲೋ ಯಾರೋ ಬಿಚ್ಚಿ ಬಿಸಾಡಿದ್ದರು. ಮೊದಲು ಅದನ್ನು ಹಾಕಿಸಿದೆವು. ತೊಂದರೆ ಕಡಿಮೆಯಾಯಿತು, ಹೋಗಲಿಲ್ಲ. ಮುಂದಿನ ಮಂಜಿನ ದಿನ 20ರ ಬದಲು 40 ನಿಮಿಷಕ್ಕೆ ಬಂತು. ಆಮೇಲೆ ಹೊಗೆಯ ಕೊಳವೆಯನ್ನು ಪರೀಕ್ಷಿಸಿದರು. ವರ್ಷಗಳ ಮಸಿ ತುಂಬಿ ಅದು ಪೂರ್ತಿ ಮುಚ್ಚಿಹೋಗಿತ್ತು. ಅದನ್ನು ಕೊರೆದು ತೆಗೆದರು. ಎರಡಕ್ಕೂ ಸೇರಿ ಆದ ಖರ್ಚು ಹೊಸ ಕಾರ್ಬ್ಯುರೇಟರಿನ ಬೆಲೆಗಿಂತ ಎಷ್ಟೋ ಕಡಿಮೆ. ಒಂದೊಂದಾಗಿ ಮಾಡಿದ್ದರಿಂದ ಎರಡೂ ಬೇಕಿದ್ದವು ಎಂಬುದೂ ತಿಳಿಯಿತು.

ಅಜ್ಜಿ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಬಂದು ಹೋಗುವ ತೊಂದರೆ ಒಂದು ದಿನ ಬರಲಿಲ್ಲವೆಂದರೆ ಅದು ಸಾಕ್ಷಿಯಲ್ಲ. ಬರಲೇಬೇಕಾಗಿದ್ದ ಹವೆಯಲ್ಲಿ ಬರಲಿಲ್ಲ ಎಂಬುದಷ್ಟೇ ಸಾಕ್ಷಿ. ಹಾಗಾಗಿ ಮೂರು ವೈಪರ್ ದಿನ ಬೆಟ್ಟ ಹತ್ತಿ ಇಳಿಯಬೇಕೆಂದು ಷರತ್ತು ಹಾಕಿದರು. ಮೂರನೆಯ ದಿನ ತಾವೇ ಬಂದು ಕೂತರು. ಆ ಏರಿನಲ್ಲಿ ಹೆದ್ದಾರಿಯ ಎರಡು ದಾರಿಗಳ ನಡುವೆ ಒಂದು ಹಳೆಯ ತೋಟದ ಮನೆ ಇದೆ, ಹೆಸರು ಸ್ಟಾಟ್ ಹಾಲ್ ಫಾರ್ಮ್. ಎರಡೂ ಕಡೆ ಲಾರಿಗಳು, ನಡುವೆ ಮೇಯುವ ಕುರಿಗಳು. ಅದನ್ನು ದಾಟಿ ನೆತ್ತಿ ತಲುಪುವವರೆಗೂ ಅಜ್ಜಿ ಸ್ಪೀಡೋಮೀಟರನ್ನೇ ನೋಡುತ್ತಿದ್ದರು. ಮುಳ್ಳು ಅಲುಗಲಿಲ್ಲ. ಮುಂದಿನ ಶನಿವಾರ ಮೊಮ್ಮಗ ವ್ಯಾನಿನಲ್ಲೇ ಬಂದ. ಮಾರಾಟದ ಫಲಕದ ಹಿಂಬದಿಯಲ್ಲಿ ಈಗ ಅವನ ಚಿತ್ರಗಳಿವೆ.

ಈಗಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ. ಆದರೂ ದೊಡ್ಡವರಿಗೆ ಒಂದು ಮಾತು. ಹೆದ್ದಾರಿಯಲ್ಲಿ ವಾಹನದ ಕಸುವು ಇಳಿದರೆ ಪಥದ ಮಧ್ಯೆ ನಿಲ್ಲಿಸಬೇಡಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ, ಉಳಿದ ವೇಗದಲ್ಲೇ ಎಡಕ್ಕೆ ಸರಿದು, ಸಾಧ್ಯವಾದರೆ ರಸ್ತೆಯಿಂದ ಹೊರಗೆ ಹೋಗಿ. ಎಲ್ಲರೂ ಎಡಬಾಗಿಲಿಂದ ಇಳಿದು ವಾಹನದಿಂದ ದೂರ ನಿಲ್ಲಲಿ. ಮಕ್ಕಳು ಬಿಸಿ ಎಂಜಿನ್ನಿನ ಹತ್ತಿರ ಹೋಗಲೇಬಾರದು.

ಮಕ್ಕಳಿಗೆ ಈ ವಾರದ ಕೆಲಸ ಎರಡು. ಮೊದಲನೆಯದು, ಒಂದು ಅಂಗೈಗೆ ಎರಡು ಹನಿ ನೀರು, ಇನ್ನೊಂದಕ್ಕೆ ಎರಡು ಹನಿ ಸ್ಯಾನಿಟೈಸರ್ ಹಾಕಿ ಊದಿ ನೋಡಿ. ಯಾವುದು ಹೆಚ್ಚು ತಂಪು, ಏಕೆ? ಎರಡನೆಯದು, ನಿಮ್ಮ ಮನೆಯಲ್ಲಿ ಬಂದು ಹೋಗುವ ತೊಂದರೆ ಯಾವುದಾದರೂ ಇದ್ದೇ ಇರುತ್ತದೆ. ಮಿನುಗುವ ಟ್ಯೂಬ್‌ಲೈಟ್, ಕೆಲವು ದಿನ ಮಾತ್ರ ಒಡೆಯುವ ಹಾಲು, ಆಗಾಗ ನಿಲ್ಲುವ ಗಡಿಯಾರ. ಒಂದು ಪುಟಕ್ಕೆ ಗೆರೆ ಹಾಕಿ, ಹದಿನೈದು ದಿನ ಬರೆಯಿರಿ. ತೊಂದರೆ ಬಂದ ದಿನಗಳನ್ನಷ್ಟೇ ಅಲ್ಲ, ಬಾರದ ದಿನಗಳನ್ನೂ ಬರೆಯಬೇಕು. ಕಳ್ಳನ ಗುರುತು ಅರ್ಧ ಸಿಗುವುದು ಅಲ್ಲೇ. ಒಂದು ಕಲಂ ಮಾತ್ರ ನಿಮ್ಮದೇ ಇರಲಿ, ದೊಡ್ಡವರಿಗೆ ಹೊಳೆಯದ್ದು. ಪಟ್ಟಿ ತುಂಬಿದ ಮೇಲೆ ನನಗೆ ಬರೆದು ಕಳುಹಿಸಿ, ಕೂತು ತಾಳೆ ನೋಡೋಣ.